ಮಗಳಿಗೆ ಸಿಕ್ಕ ಟ್ರೈಲೊಬೈಟ್: ಫಾಸಿಲ್ ಕ್ಲಬ್ಬಿಗೆ ಹೋಗುವ ಮುಂಚೆ ಒಂದು ಚೀಟಿ ಬರೆಸಿ

ಪ್ರಶ್ನೆ: ನಾವು ಧಾರವಾಡದವರು, ಈಗ ಅಮೆರಿಕದ ಸಿನ್ಸಿನಾಟಿ ಹತ್ತಿರ ಇದ್ದೇವೆ. ಹೋದ ತಿಂಗಳು ಸೀಸರ್ ಕ್ರೀಕ್ ಕೆರೆಗೆ ಹೋಗಿದ್ದಾಗ ನನ್ನ ಹನ್ನೊಂದು ವರ್ಷದ ಮಗಳಿಗೆ ಕಾಬೂಲಿ ಕಡಲೆಯಷ್ಟು ದಪ್ಪದ ಒಂದು ಕಲ್ಲಿನ ಉಂಡೆ ಸಿಕ್ಕಿತು. ಮೈಮೇಲೆ ಗೆರೆ ಗೆರೆ, ಒಂದು ಕಡೆ ಮುಖದ ಹಾಗೆ ಕಾಣುತ್ತದೆ. ಅಲ್ಲಿದ್ದವರೊಬ್ಬರು ಟ್ರೈಲೊಬೈಟ್ ಅಂದರು, ಬಹಳ ಹಿಂದೆಯೇ ಅಳಿದುಹೋದ ಸಮುದ್ರದ ಚಿಪ್ಪಿನ ಹುಳವಂತೆ. ಆವತ್ತಿನಿಂದ ಅವಳಿಗೆ ಅದೇ ಧ್ಯಾನ. ಇಲ್ಲಿ ಪಳೆಯುಳಿಕೆ ಹುಚ್ಚಿನವರು ತಿಂಗಳಿಗೊಮ್ಮೆ ಸೇರುತ್ತಾರಂತೆ, ಕರ್ಕೊಂಡು ಹೋಗು ಅಂತ ಹಟ. ನಾನು ಕಾಮರ್ಸ್ ಓದಿದವಳು, ಇವರು ಸಾಫ್ಟ್‌ವೇರ್. ಅಲ್ಲಿ ಹೋಗಿ ಬಾಯಿ ಬಿಟ್ಟರೆ ನಗುವುದಿಲ್ಲವೇ? ಅವರು ಕೂತು ಮಾಡುವುದಾದರೂ ಏನು? ಮಕ್ಕಳು ಇದನ್ನು ನಿಜವಾಗಿ ಅಧ್ಯಯನ ಮಾಡಬಹುದಾ, ಇಲ್ಲ ಸುಮ್ನೆ ಕಲ್ಲು ಕೂಡಿಡುವುದಾ? ಡಿಸೆಂಬರಿನಲ್ಲಿ ಊರಿಗೆ ಬಂದಾಗ ಧಾರವಾಡದ ಸುತ್ತ ಹುಡುಕಿದರೆ ಸಿಗುತ್ತಾ?

ಉತ್ತರ: ಹೋಗಿ. ಯಾರೂ ನಗುವುದಿಲ್ಲ. ಆದರೆ ಹೋಗುವ ಮುಂಚೆ ಒಂದು ಕೆಲಸ ಇದೆ, ಅದನ್ನು ಇವತ್ತೇ ಮಾಡಿ. ಒಂದು ಸಣ್ಣ ಚೀಟಿಯಲ್ಲಿ ಮಗಳ ಕೈಯಲ್ಲೇ ಬರೆಸಿ: ಸೀಸರ್ ಕ್ರೀಕ್ ಸ್ಪಿಲ್‌ವೇ (ಕೆರೆಯ ಕೋಡಿ), ಯಾವ ಕಡೆಯ ಗೋಡೆ, ಬುಡದಲ್ಲಿ ಉದುರಿ ಬಿದ್ದಿತ್ತೋ ಪದರದಿಂದಲೇ ಇಣುಕುತ್ತಿತ್ತೋ, ಸುತ್ತ ಇದ್ದದ್ದು ಮೆತ್ತನೆಯ ಜೇಡಿಯೋ ಗಟ್ಟಿ ಸುಣ್ಣದಕಲ್ಲೋ, ತಾರೀಖು, ಸಿಕ್ಕಿದ್ದು ಯಾರಿಗೆ. ಹೋದ ತಿಂಗಳ ಮಾತು, ಅವಳಿಗೆ ಇನ್ನೂ ನೆನಪಿರುತ್ತದೆ. ಮುಂದಿನ ವರ್ಷ ಇರುವುದಿಲ್ಲ. ಆ ಚೀಟಿಯನ್ನೂ ಉಂಡೆಯನ್ನೂ ಒಂದೇ ಡಬ್ಬಿಗೆ ಹಾಕಿ. ಮಾತ್ರೆಯ ಡಬ್ಬಿ ಸಾಕು, ಒಳಗೆ ಸ್ವಲ್ಪ ಹತ್ತಿ.

ಮಾಡಬಾರದ್ದೂ ಒಂದಿದೆ. ಅದನ್ನು ಹೊಳೆಸಲು ಹೋಗಬೇಡಿ. ನಮ್ಮ ಕೈಗೆ ಹಿತ್ತಾಳೆ ಚೊಂಬು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ, ಅಲ್ವಾ? ಇಲ್ಲಿ ಹುಣಸೆಹಣ್ಣು, ನಿಂಬೆರಸ, ವಿನೆಗರ್ ಯಾವುದನ್ನೂ ಮುಟ್ಟಿಸಬಾರದು. ಟ್ರೈಲೊಬೈಟಿನ ಚಿಪ್ಪು ಕ್ಯಾಲ್ಸೈಟ್, ಅಂದರೆ ಸುಣ್ಣದಕಲ್ಲಿನ ಜಾತಿ. ಹುಳಿ ತಾಗಿದರೆ ಕರಗುತ್ತದೆ. ನನಗೆ ಮೊದಲು ಸಿಕ್ಕ ಉಂಡೆ ಟ್ರೈಲೊಬೈಟನ್ನು ನಾನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿದ್ದೆ, ಮಣ್ಣು ಬಿಡಲಿ ಅಂತ. ಬೆಳಿಗ್ಗೆ ನೋಡಿದರೆ ಮಣ್ಣೂ ಹೋಗಿತ್ತು, ಮುಖವೂ ಹೋಗಿತ್ತು. ನುಣ್ಣನೆಯ ಗುಂಡುಕಲ್ಲು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಬೇರೆಯವರಿಗೆ ಬುದ್ಧಿ ಹೇಳುವಾಗ ತೋರಿಸಲು ಬೇಕಾಗುತ್ತದೆ. ನೀವು ನೀರು, ಹಳೇ ಟೂತ್‌ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಇಷ್ಟರಲ್ಲೇ ಇರಿ. ಸಂದಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಬಿಟ್ಟುಬಿಡಿ, ಕ್ಲಬ್ಬಿನಲ್ಲಿ ಅದಕ್ಕೆಂದೇ ಉಪಕರಣ ಇರುವವರು ಸಿಗುತ್ತಾರೆ.

ಈಗ ಉಂಡೆಯ ವಿಷಯ. ನೀವು ಹೇಳಿದ ಜಾಗ, ಗಾತ್ರ, ಸುತ್ತಿಕೊಂಡ ಆಕಾರ ನೋಡಿದರೆ ಅದು ಬಹುತೇಕ ಫ್ಲೆಕ್ಸಿಕ್ಯಾಲಿಮೀನ್. ಆ ಭಾಗದ ಸಂಗ್ರಾಹಕರು ಪ್ರೀತಿಯಿಂದ 'ಫ್ಲೆಕ್ಸಿ' ಅನ್ನುತ್ತಾರೆ, ನಮ್ಮೂರ ಸರ್ಕಲ್ಲುಗಳಲ್ಲಿ ರಾಜಕಾರಣಿಗಳ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸಿಗೂ ಇದಕ್ಕೂ ಸಂಬಂಧ ಇಲ್ಲ! ಒಂದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ತಗೊಳ್ಳಿ. ಗಾಜನ್ನು ಕಣ್ಣಿಗೆ ಹತ್ತಿರ ಹಿಡಿದು ಕಲ್ಲನ್ನು ಅದರ ಹತ್ತಿರಕ್ಕೆ ತನ್ನಿ, ಎಲ್ಲರೂ ಉಲ್ಟಾ ಮಾಡುತ್ತಾರೆ. ಬೆಳಕು ಮೇಲಿನಿಂದ ಬೇಡ, ಪಕ್ಕದಿಂದ ಬೀಳಲಿ. ಆಗ ನೆರಳು ಬಿದ್ದು ಗೆರೆಗಳು ಎದ್ದು ಕಾಣುತ್ತವೆ.

ಮುಖದ ಹಾಗೆ ಕಂಡಿತಲ್ಲ, ಅದು ನಿಜವಾಗಿಯೂ ತಲೆಯೇ. ನಡುವೆ ಮೂಗಿನ ಹಾಗೆ ಉಬ್ಬಿದ ಒಂದು ದಿಬ್ಬ, ಅದಕ್ಕೆ ಗ್ಲಬೆಲ್ಲಾ ಅನ್ನುತ್ತಾರೆ. ಆದರೆ ಅದು ಮೂಗಲ್ಲ. ಅದರ ಕೆಳಗೆ ಹೊಟ್ಟೆ ಇತ್ತು. ತಲೆಯಲ್ಲಿ ಹೊಟ್ಟೆ! ದಿಬ್ಬದ ಎರಡೂ ಬದಿಯಲ್ಲಿ ಎರಡೆರಡು ಗುಂಡಗಿನ ಉಬ್ಬು, ಅವಕ್ಕೂ ಆಚೆ ಸಾಸಿವೆಗಿಂತ ಚಿಕ್ಕದಾಗಿ ಮೇಲೆದ್ದ ಎರಡು ಗುಬುಟು ಕಂಡರೆ ಅವು ಕಣ್ಣಿನ ಜಾಗ. ತಲೆ ಮುಗಿದ ಮೇಲೆ ಅಡ್ಡಪಟ್ಟಿಗಳು ಶುರು. ಅವನ್ನು ಮಗಳ ಕೈಯಲ್ಲಿ ಎಣಿಸಿ, ಸೂಜಿಯ ತುದಿ ಇಟ್ಟುಕೊಂಡು, ಆತುರ ಇಲ್ಲದೆ. ಫ್ಲೆಕ್ಸಿಯಾದರೆ 13 ಇರಬೇಕು. ಅದೇ ಕಣಿವೆಯಲ್ಲಿ ಸಿಗುವ ಇನ್ನೊಂದು ಟ್ರೈಲೊಬೈಟ್ ಐಸೊಟೀಲಸ್, ಅದಕ್ಕೆ 8. ಈ ಎಣಿಕೆಯೇ ಅಧ್ಯಯನದ ಅ ಆ ಇ ಈ.

ಹೆಸರಿನ ಬಗ್ಗೆ ಒಂದು ಮಾತು, ಯಾಕಂದರೆ ಓದಿದವರೂ ಇಲ್ಲಿ ಎಡವುತ್ತಾರೆ. ಟ್ರೈಲೊಬೈಟ್ ಅಂದರೆ ಮೂರು ಭಾಗದ್ದು. ಆ ಮೂರು ಅಂದರೆ ತಲೆ, ಮೈ, ಬಾಲ ಅಲ್ಲ. ಉದ್ದಕ್ಕೆ ನೋಡಿ: ನಡುವೆ ಬೆನ್ನುಮೂಳೆಯ ಹಾಗೆ ಎದ್ದ ಒಂದು ಏರು, ಅದರ ಎಡಕ್ಕೊಂದು ಬಲಕ್ಕೊಂದು ಇಳಿಜಾರು. ಆ ಮೂರಕ್ಕೆ ಈ ಹೆಸರು, ಕೊಟ್ಟಿದ್ದು 1771ರಲ್ಲಿ ವಾಲ್ಕ್ ಅನ್ನುವ ಜರ್ಮನ್ ವಿದ್ವಾಂಸ. ಅದಕ್ಕೂ ಮುಂಚೆ, 1698ರಲ್ಲಿ, ವೇಲ್ಸಿನ ಎಡ್ವರ್ಡ್ ಲ್ಹುಯಿಡ್ ಒಂದು ಟ್ರೈಲೊಬೈಟಿನ ಚಿತ್ರ ಬರೆದು ಅದನ್ನು ಚಪ್ಪಟೆ ಮೀನು ಅಂದಿದ್ದರು. ದೊಡ್ಡ ವಿದ್ವಾಂಸರೇ ಮೀನು ಅಂದಿರುವಾಗ ನೀವು ಏನಂದರೂ ನಗುವ ಅಧಿಕಾರ ಯಾರಿಗೂ ಇಲ್ಲ.

ಸುತ್ತಿಕೊಂಡಿದ್ದು ಯಾಕೆ ಅಂತ ಮಗಳು ಕೇಳೇ ಕೇಳುತ್ತಾಳೆ. ಮಳೆಗಾಲದಲ್ಲಿ ಮಲೆನಾಡಿನ ಕಾಡಿನಲ್ಲಿ ಓಡಾಡಿದ್ದರೆ, ಮುಟ್ಟಿದ ಕೂಡಲೇ ಗೋಲಿಯ ಹಾಗೆ ಸುತ್ತಿಕೊಂಡು ಉರುಳುವ ಕಪ್ಪು ಹುಳ ನೋಡಿರುತ್ತೀರಿ. ಅದೇ ಉಪಾಯ. ಮೇಲಿನ ಚಿಪ್ಪು ಗಟ್ಟಿ, ಹೊಟ್ಟೆಯ ಕಡೆ ಕಾಲು, ಕಿವಿರು ಎಲ್ಲಾ ಮೆತ್ತಗೆ. ಅಪಾಯ ಬಂದರೆ ಮೆತ್ತಗಿರುವುದನ್ನು ಒಳಗೆ ಹಾಕಿ ಮುಚ್ಚಿಕೊಳ್ಳುವುದು. ಸುಮಾರು 45 ಕೋಟಿ ವರ್ಷದ ಹಿಂದೆ ಈಗಿನ ಒಹಾಯೊ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚಗಿನ ಆಳವಿಲ್ಲದ ಸಮುದ್ರದ ಕೆಳಗೆ ಇತ್ತು. ಚಂಡಮಾರುತ ಎದ್ದಾಗ ತಳದ ಕೆಸರು ಕದಡಿ ಬಂದು ಒಂದೇ ಏಟಿಗೆ ಎಲ್ಲವನ್ನೂ ಮುಚ್ಚುತ್ತಿತ್ತು. ಮುಚ್ಚಿಕೊಂಡವು ಹಾಗೇ ಉಳಿದವು. ಸ್ಪಿಲ್‌ವೇ ಗೋಡೆಯಲ್ಲಿ ನೀವು ನೋಡಿದ ಪಟ್ಟೆಗಳು, ಒಂದು ಗಟ್ಟಿ ಒಂದು ಮೆತ್ತಗೆ, ಆ ಸಮುದ್ರದ ದಿನಚರಿ. ಮೆತ್ತನೆಯ ನುಣುಪು ಜೇಡಿ ಪದರಗಳಿಗೆ ಅಲ್ಲಿನವರು 'ಬೆಣ್ಣೆ ಶೇಲ್' ಅನ್ನುತ್ತಾರೆ. ಒಳ್ಳೆಯ ಫ್ಲೆಕ್ಸಿಗಳು ಜಾಸ್ತಿ ಸಿಗುವುದು ಅಲ್ಲೇ.

ನಿಮ್ಮ ಮಗಳು ಉಂಡೆ ಸಿಕ್ಕಿದ ಖುಷಿಯಲ್ಲಿ ಬಿಟ್ಟು ಬಂದದ್ದು ಏನು ಗೊತ್ತಾ? ಚೂರುಗಳು. ಅಲ್ಲಿ ನೆಲದ ತುಂಬಾ ಟ್ರೈಲೊಬೈಟಿನ ಚೂರು ಬಿದ್ದಿರುತ್ತವೆ, ಹೊಸಬರು ಅವನ್ನು ತುಳಿದುಕೊಂಡು ಇಡೀ ಹುಳಕ್ಕಾಗಿ ಹುಡುಕುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಚೂರುಗಳೇ ಹೆಚ್ಚು ಮಾತಾಡುತ್ತವೆ. ಏಡಿ, ಜಿರಳೆ, ಜೀರುಂಡೆಗಳ ಹಾಗೆ ಇದೂ ಬೆಳೆಯುವಾಗ ಚಿಪ್ಪು ಕಳಚುತ್ತಿತ್ತು, ಹಾವು ಪೊರೆ ಬಿಡುವ ಹಾಗೆ. ತಲೆಯ ಮೇಲೆ ಹೊಲಿಗೆಯಂಥ ಒಂದು ಗೆರೆ ಇರುತ್ತದೆ. ಕಳಚುವಾಗ ಅಲ್ಲಿ ಬಿರಿದು ಎರಡು ಕೆನ್ನೆಗಳು ಬೇರೆ ಆಗುತ್ತವೆ, ಹುಳ ಅಲ್ಲಿಂದ ನುಸುಳಿ ಆಚೆ ಹೋಗುತ್ತದೆ. ಒಂದೇ ಹುಳ ಜೀವಮಾನದಲ್ಲಿ ಎಷ್ಟೋ ಸಲ ಬಟ್ಟೆ ಬದಲಾಯಿಸಿದ ಹಾಗೆ. ಹಾಗಾಗಿ ನಿಮ್ಮ ಕೈಗೆ ಸಿಗುವ ಬಿಡಿ ಕೆನ್ನೆ, ಬಿಡಿ ಬಾಲಗಳಲ್ಲಿ ಬಹಳಷ್ಟು ಸತ್ತ ಹುಳದ್ದಲ್ಲ, ಬದುಕಿದ್ದ ಹುಳ ಬಿಟ್ಟುಹೋದದ್ದು. ಉಂಡೆ ಮಾತ್ರ ಬೇರೆ. ಅದರೊಳಗೆ ಹುಳವೇ ಇತ್ತು.

ಚೂರುಗಳಲ್ಲಿ ಕವೆಯ ಆಕಾರದ್ದು, ಎರಡು ಕೊಂಬಿನ ಫೋರ್ಕಿನ ಹಾಗೆ ಕಾಣುವುದು ಸಿಕ್ಕರೆ ಎಸೆಯಬೇಡಿ. ಅದು ಐಸೊಟೀಲಸಿನ ಬಾಯಿಯ ಹತ್ತಿರದ ತಟ್ಟೆ. ಐಸೊಟೀಲಸ್ ಒಹಾಯೊದ ರಾಜ್ಯ ಪಳೆಯುಳಿಕೆ, 1985ರಿಂದ. ನಮ್ಮಲ್ಲಿ ನೀಲಕಂಠ ರಾಜ್ಯ ಪಕ್ಷಿ ಇದ್ದ ಹಾಗೆ ಅವರಿಗೆ ಇದು. 1919ರಲ್ಲಿ ಡೇಟನ್ ಹತ್ತಿರ ಹಫ್‌ಮನ್ ಅಣೆಕಟ್ಟೆಗೆ ಅಗೆಯುವಾಗ ಒಂದು ಇಡೀ ಐಸೊಟೀಲಸ್ ಸಿಕ್ಕಿತು, ಸುಮಾರು 37 ಸೆಂಟಿಮೀಟರ್ ಉದ್ದ, 26 ಸೆಂಟಿಮೀಟರ್ ಅಗಲ. ಊಟದ ತಟ್ಟೆಗಿಂತ ದೊಡ್ಡದು. ಈಗ ಅದು ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅದರ ಬಂಧು ಐಸೊಟೀಲಸ್ ರೆಕ್ಸ್ ಕೆನಡಾದ ಚರ್ಚಿಲ್ ಹತ್ತಿರ ಸಿಕ್ಕಿದ್ದು 70 ಸೆಂಟಿಮೀಟರಿಗೂ ಜಾಸ್ತಿ, ಇವತ್ತಿಗೂ ಇಡಿಯಾಗಿ ಸಿಕ್ಕ ಟ್ರೈಲೊಬೈಟುಗಳಲ್ಲಿ ಅತಿ ದೊಡ್ಡವುಗಳಲ್ಲಿ ಒಂದು.

ಅಂಥದ್ದು ಸೀಸರ್ ಕ್ರೀಕಿನಲ್ಲಿ ಸಿಕ್ಕರೆ ಮನೆಗೆ ತರುವ ಹಾಗಿಲ್ಲ, ಗೊತ್ತಿರಲಿ. ಆ ಜಾಗ ಅಮೆರಿಕದ ಸೇನೆಯ ಎಂಜಿನಿಯರ್ ದಳದ್ದು. ವಿಸಿಟರ್ ಸೆಂಟರಿನಲ್ಲಿ ಪುಕ್ಕಟೆ ಪರವಾನಗಿ ಕೊಡುತ್ತಾರೆ, ಅದನ್ನು ತಗೊಂಡೇ ಇಳಿಯಬೇಕು. ಸುತ್ತಿಗೆ, ಉಳಿ ಏನೂ ಬಳಸುವಂತಿಲ್ಲ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದನ್ನು ಮಾತ್ರ ಒಯ್ಯಬಹುದು, ಮಾರುವಂತಿಲ್ಲ. ಹೋದ ಸಲ ಪರವಾನಗಿ ತಗೊಂಡಿರದಿದ್ದರೆ ಮುಂದಿನ ಸಲ ತಪ್ಪಿಸಬೇಡಿ. ಗೋಡೆ ಹತ್ತಲು ಬಿಡಬೇಡಿ, ಅದು ಕೈಗೇ ಉದುರುವ ಕಲ್ಲು. ಮಳೆ ಬಂದು ನಿಂತ ಮಾರನೇ ದಿನ ಹೋಗಿ. ಜೇಡಿ ತೊಳೆದುಹೋಗಿ ಉಂಡೆಗಳು ಒದ್ದೆಯಾಗಿ ಮಿರಮಿರ ಅನ್ನುತ್ತಿರುತ್ತವೆ, ಬೆನ್ನು ಬಗ್ಗಿಸಿ ಸೂರ್ಯನ ಕಡೆ ಮುಖ ಮಾಡಿ ನಡೆದರೆ ಸಾಕು.

ಕ್ಲಬ್ಬಿನ ವಿಷಯಕ್ಕೆ ಬರೋಣ. ನಿಮ್ಮ ಮಗಳು ಹೇಳುತ್ತಿರುವುದು ಡ್ರೈ ಡ್ರೆಡ್ಜರ್ಸ್ ಇರಬೇಕು. 1942ರಲ್ಲಿ ಶುರುವಾದದ್ದು, ಉತ್ತರ ಅಮೆರಿಕದ ಹವ್ಯಾಸಿ ಪಳೆಯುಳಿಕೆ ಸಂಘಗಳಲ್ಲಿ ತುಂಬಾ ಹಳೆಯದು. ಹೆಸರೇ ಒಂದು ತಮಾಷೆ. ಸಮುದ್ರತಳದ ಜೀವಿಗಳನ್ನು ನೋಡಬೇಕಾದರೆ ಹಡಗಿನಿಂದ ಬಲೆ ಬಿಟ್ಟು ತಳ ಕೆರೆಯಬೇಕು. ಇವರೂ ಸಮುದ್ರತಳವನ್ನೇ ಕೆರೆಯುತ್ತಾರೆ, ಆದರೆ ಒಣಗಿ ಬೆಟ್ಟವಾದ ಸಮುದ್ರದ ತಳ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಭೂವಿಜ್ಞಾನದವರ ಜೊತೆ ಮೊದಲಿನಿಂದಲೂ ಒಡನಾಟ, ಸಭೆಗಳೂ ಅಲ್ಲೇ.

ಒಳಗೆ ಹೋದರೆ ಏನಿರುತ್ತದೆ? ಇಂಥ ಸಭೆಗಳಲ್ಲಿ ನನಗೆ ಇಷ್ಟವಾಗುವುದು ಉಪನ್ಯಾಸ ಅಲ್ಲ, ಅದಕ್ಕೆ ಮುಂಚಿನ ಮುಕ್ಕಾಲು ಗಂಟೆ. ಉದ್ದನೆಯ ಮೇಜು, ಅದರ ಮೇಲೆ ಟ್ರೇ, ಮೊಟ್ಟೆಯ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿ, ಮಡಿಸಿದ ಪೇಪರು. ನಿವೃತ್ತ ಪ್ಲಂಬರ್ ಇರುತ್ತಾರೆ, ದಂತವೈದ್ಯರು ಇರುತ್ತಾರೆ (ಅವರ ಸಣ್ಣ ಸಣ್ಣ ಕೊಕ್ಕೆಗಳಿಗೆ ಇಲ್ಲಿ ಭಾರೀ ಬೇಡಿಕೆ), ಪಿಎಚ್‌ಡಿ ಹುಡುಗಿ ಇರುತ್ತಾಳೆ, ನಿಮ್ಮ ಮಗಳ ವಯಸ್ಸಿನ ಮಕ್ಕಳು ಇರುತ್ತಾರೆ. ಒಬ್ಬರು ಪೊಟ್ಟಣ ಬಿಚ್ಚಿದ ಕೂಡಲೇ ನಾಲ್ಕು ತಲೆ ಅದರ ಮೇಲೆ ಬಾಗುತ್ತವೆ. ನೋಡಿ, ಆಗ ಯಾರೂ "ಇದು ಯಾವುದು" ಅಂತ ಮೊದಲು ಕೇಳುವುದಿಲ್ಲ. "ಎಲ್ಲಿ ಸಿಕ್ಕಿತು" ಅಂತ ಕೇಳುತ್ತಾರೆ. ಹೆಸರು ಅವರಿಗೆ ನೋಡಿದರೆ ಗೊತ್ತಾಗುತ್ತದೆ. ಜಾಗ ಗೊತ್ತಾಗುವುದಿಲ್ಲ. ನಿಮ್ಮ ಮಗಳು ಆ ಚೀಟಿ ತೆಗೆದು ಕೊಟ್ಟರೆ ಸಾಕು, ಆ ಮೇಜಿನಲ್ಲಿ ಅವಳಿಗೆ ಕುರ್ಚಿ ಸಿಕ್ಕಿತು ಅಂತಲೇ ಲೆಕ್ಕ. ಚೀಟಿ ಇಲ್ಲದ ಚಂದದ ಟ್ರೈಲೊಬೈಟ್ ಶೋಕೇಸಿನ ಗೊಂಬೆ, ಚೀಟಿ ಇರುವ ಮುರುಕು ಬಾಲ ಒಂದು ಸಾಕ್ಷಿ.

ನೀವು ಹೋಗಲು ಇನ್ನೊಂದು ಕಾರಣ ಫೀಲ್ಡ್ ಟ್ರಿಪ್. ಖಾಸಗಿ ಜಮೀನು, ಕ್ವಾರಿಗಳಿಗೆ ಒಬ್ಬೊಬ್ಬರೇ ಹೋದರೆ ಬಿಡುವುದಿಲ್ಲ, ಸಂಘ ಮಾತಾಡಿದರೆ ಬಿಡುತ್ತಾರೆ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಗಟ್ಟಿ ಶೂ ಇರಲಿ, ನೀರು ಇರಲಿ. ಚಪ್ಪಲಿಯಲ್ಲಿ ಬಂದು ಜೇಡಿಯಲ್ಲಿ ಜಾರಿ ಕೂತವರನ್ನು ನಾನು ನೋಡಿದ್ದೇನೆ, ಅದರಲ್ಲಿ ಒಬ್ಬ ನಾನೇ.

ಹವ್ಯಾಸಿಗಳು ಸುಮ್ನೆ ಕಲ್ಲು ಕೂಡಿಡುತ್ತಾರಾ ಅಂತ ಕೇಳಿದಿರಿ. ಆ ಊರಿನ ಮಟ್ಟಿಗೆ ಹೇಳುವುದಾದರೆ ವಿಜ್ಞಾನವನ್ನು ಶುರು ಮಾಡಿದ್ದೇ ಹವ್ಯಾಸಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ಸಿನ್ಸಿನಾಟಿಯ ಗುಡ್ಡಗಳನ್ನು ಸೋಸಿದವರಲ್ಲಿ ಎಸ್. ಎ. ಮಿಲ್ಲರ್ ವಕೀಲರು. ಚಾರ್ಲ್ಸ್ ಶೂಕರ್ಟ್ ಅಪ್ಪನ ಪೀಠೋಪಕರಣದ ಕೆಲಸದಲ್ಲಿದ್ದ ಹುಡುಗ, ಕಾಲೇಜಿನ ಪದವಿ ಇಲ್ಲ. ಆತ ಕೊನೆಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು, ಚಾರ್ಲ್ಸ್ ಬೀಚರ್ 1904ರಲ್ಲಿ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಬಂದು.

ಈ ಬೀಚರ್ ಕತೆಯನ್ನು ಮಗಳಿಗೆ ಹೇಳಿ, ಚೀಟಿಯ ಮಹಿಮೆ ತಾನಾಗಿ ಅರ್ಥವಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ರೋಮ್ ಅಂತ ಒಂದು ಊರು. ಅದರ ಹತ್ತಿರ ವಿಲಿಯಂ ವ್ಯಾಲಿಯಂಟ್ ಅನ್ನುವವರಿಗೆ ಮೀಸೆ ಇರುವ ಟ್ರೈಲೊಬೈಟ್ ಸಿಕ್ಕಿತು. ಮೀಸೆ ಅಂದರೆ ಸ್ಪರ್ಶತಂತು. ಅಲ್ಲಿಯವರೆಗೆ ಟ್ರೈಲೊಬೈಟಿಗೆ ಮೀಸೆ ಇದೆಯೋ ಇಲ್ಲವೋ ಅನ್ನುವುದೇ ವಾದ, ಯಾಕಂದರೆ ಮೆತ್ತಗಿನ ಭಾಗ ಕಲ್ಲಾಗಿ ಉಳಿಯುವುದೇ ಅಪರೂಪ. ಇಲ್ಲಿ ಕಾಲು, ಮೀಸೆ ಎಲ್ಲ ಪೈರೈಟ್ ಅನ್ನುವ ಖನಿಜವಾಗಿ, ಚಿನ್ನದ ಬಣ್ಣದ ಎಳೆಗಳ ಹಾಗೆ ಕಪ್ಪು ಕಲ್ಲಿನ ಮೇಲೆ ಹೊಳೆಯುತ್ತಿದ್ದವು. ಬೀಚರ್ 1893ರಿಂದ 1895ರವರೆಗೆ ಅಲ್ಲಿ ಅಗೆದರು. ಅಷ್ಟಕ್ಕೂ ಆ ಪದರ ಎಷ್ಟು ದಪ್ಪ? ಸುಮಾರು ನಾಲ್ಕು ಸೆಂಟಿಮೀಟರ್, ಎರಡು ಬೆರಳು. ಬೀಚರ್ ಹೋದ ಮೇಲೆ ಆ ಜಾಗ ಸರಿಯಾಗಿ ಎಲ್ಲಿತ್ತು ಅನ್ನುವುದೇ ಮಾಸಿಹೋಯಿತು. ಸುಮಾರು ಎಂಬತ್ತು ವರ್ಷ ಯಾರಿಗೂ ಸಿಗಲಿಲ್ಲ. 1984ರಲ್ಲಿ ಅದನ್ನು ಮತ್ತೆ ಹುಡುಕಿ ಕೊಟ್ಟವರು ಟಾಮ್ ವೈಟ್ಲಿ, ಡ್ಯಾನ್ ಕೂಪರ್, ಇಬ್ಬರೂ ಹವ್ಯಾಸಿಗಳು. ಅದೇ ಜಾತಿಯ, ಟ್ರೈಆರ್ಥ್ರಸ್ ಅನ್ನುವ ಈ ಟ್ರೈಲೊಬೈಟಿನ ತಲೆಯ ಅಂಚಿನಲ್ಲಿ ಮೊಟ್ಟೆಗಳೂ ಇದ್ದವು ಅಂತ 2017ರಲ್ಲಿ ಪ್ರಕಟವಾಯಿತು, ಆ ಕಲ್ಲುಗಳೂ ನ್ಯೂಯಾರ್ಕ್ ರಾಜ್ಯದವೇ. ಬರೆದ ಮೂವರಲ್ಲಿ ಒಬ್ಬರು ಹವ್ಯಾಸಿ ಸಂಗ್ರಾಹಕರು.

ಇನ್ನೊಬ್ಬರು ನನಗೆ ತುಂಬಾ ಇಷ್ಟ, ರಿಕಾರ್ಡೊ ಲೆವಿ-ಸೆಟ್ಟಿ. ಶಿಕಾಗೊದಲ್ಲಿ ಭೌತವಿಜ್ಞಾನದ ಪ್ರೊಫೆಸರ್ ಆಗಿದ್ದರು, ಟ್ರೈಲೊಬೈಟ್ ಬರೀ ಹವ್ಯಾಸ. ಅವರೂ ಯುವಾನ್ ಕ್ಲಾರ್ಕ್‌ಸನ್ ಅನ್ನುವ ತಜ್ಞರೂ ಸೇರಿ 1975ರಲ್ಲಿ ತೋರಿಸಿದ್ದು ಏನೆಂದರೆ, ಕೆಲವು ಟ್ರೈಲೊಬೈಟುಗಳ ಕಣ್ಣಿನ ಮಸೂರದ ಒಳಗಿನ ತಿರುವು, ಮಸುಕಿಲ್ಲದ ಚಿತ್ರ ಬೀಳಲು ಮಸೂರ ಹೇಗಿರಬೇಕು ಅಂತ ದೆಕಾರ್ತ್ ಮತ್ತು ಹೈಗನ್ಸ್ ಹದಿನೇಳನೇ ಶತಮಾನದಲ್ಲಿ ಹಾಕಿದ ಲೆಕ್ಕಕ್ಕೆ ಹೊಂದುತ್ತದೆ ಅಂತ. ಆ ಮಸೂರಗಳೂ ಕ್ಯಾಲ್ಸೈಟೇ. ಕಲ್ಲಿನ ಕಣ್ಣು ಅಂದರೆ ಬೈಗುಳ ನಮಗೆ, ಇಲ್ಲಿ ಅಕ್ಷರಶಃ ನಿಜ.

ಕಣ್ಣಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಒಹಾಯೊದ ಉತ್ತರ ತುದಿಯಲ್ಲಿ, ಟೊಲೀಡೊ ಪಕ್ಕ, ಸಿಲ್ವೇನಿಯಾ ಅಂತ ಊರಿದೆ. ಅಲ್ಲೊಂದು ಫಾಸಿಲ್ ಪಾರ್ಕ್, ಕ್ವಾರಿಯಿಂದ ತಂದು ಸುರಿದ ಶೇಲಿನಲ್ಲಿ ಬರಿಗೈಯಲ್ಲಿ ಹುಡುಕಬಹುದು, ಸಿಕ್ಕಿದ್ದು ನಿಮ್ಮದೇ. ಅಲ್ಲಿ ಸಿಗುವ ಟ್ರೈಲೊಬೈಟು ನಿಮ್ಮ ಫ್ಲೆಕ್ಸಿಗಿಂತ ಆರು ಕೋಟಿ ವರ್ಷದಷ್ಟು ಚಿಕ್ಕದು. ಹಿಂದೆ ಫೇಕೊಪ್ಸ್ ಅನ್ನುತ್ತಿದ್ದರು, ಈಗ ಎಲ್ಡ್ರೆಜಿಯಾಪ್ಸ್ ಅನ್ನುತ್ತಾರೆ. ಕಪ್ಪೆಯ ಹಾಗೆ ಉಬ್ಬಿದ ಕಣ್ಣು, ಭೂತಗನ್ನಡಿ ಇಟ್ಟರೆ ಒಂದೊಂದು ಮಸೂರವೂ ರಾಗಿ ಕಾಳು ಜೋಡಿಸಿದ ಹಾಗೆ ಬಿಡಿ ಬಿಡಿಯಾಗಿ ಕಾಣುತ್ತದೆ. ನೈಲ್ಸ್ ಎಲ್ಡ್ರೆಜ್ ಅನ್ನುವ ತರುಣ ಆ ಮಸೂರದ ಸಾಲುಗಳನ್ನು ಎಣಿಸುತ್ತಾ ಕೂತರು. ನ್ಯೂಯಾರ್ಕಿನಿಂದ ಒಹಾಯೊ, ಮಿಷಿಗನ್ ಆಚೆಗೂ, ಪದರದ ಮೇಲೆ ಪದರ. ಎಷ್ಟೋ ಕಾಲ 18 ಸಾಲು ಹಾಗೇ ಇದ್ದು, ಆಮೇಲೆ 17 ಸಾಲಿನವು ಬಂದವು, ನಿಧಾನವಾಗಿ ಅಲ್ಲ, ಥಟ್ಟನೆ ಅನ್ನುವ ಹಾಗೆ. ಜೀವಿಗಳು ಬಹುಕಾಲ ಬದಲಾಗದೆ ಇದ್ದು ಆಗೊಮ್ಮೆ ಈಗೊಮ್ಮೆ ಬೇಗ ಬದಲಾಗುತ್ತವೆ ಅಂತ 1972ರಲ್ಲಿ ಅವರೂ ಸ್ಟೀಫನ್ ಜೇ ಗೌಲ್ಡ್ ಅವರೂ ಮಂಡಿಸಿದ ವಾದಕ್ಕೆ ಇದು ಒಂದು ಆಧಾರ. ಯಾವ ಟ್ರೈಲೊಬೈಟ್ ಯಾವ ಪದರದ್ದು ಅಂತ ಗೊತ್ತಿಲ್ಲದಿದ್ದರೆ ಈ ಎಣಿಕೆ ಪೂರ್ತಿ ದಂಡ.

ಹಾಗಾದರೆ ಹನ್ನೊಂದು ವರ್ಷದವಳು ಏನು ಮಾಡಬಹುದು? ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಹತ್ತು ಜಾಗ ಸುತ್ತುವುದಕ್ಕಿಂತ ಇದು ಮೇಲು. ಪ್ರತಿ ಸಲ ಸಿಕ್ಕಿದ ಫ್ಲೆಕ್ಸಿಗಳಲ್ಲಿ ಎಷ್ಟು ಸುತ್ತಿಕೊಂಡಿವೆ, ಎಷ್ಟು ಚಾಚಿಕೊಂಡಿವೆ, ತಲೆಯ ಅಗಲ ಎಷ್ಟು ಮಿಲಿಮೀಟರ್, ಜೇಡಿಯಲ್ಲಿ ಸಿಕ್ಕಿದ್ದೋ ಸುಣ್ಣದಕಲ್ಲಿನಲ್ಲೋ, ಒಂದು ಗೆರೆಯ ನೋಟ್‌ಬುಕ್ಕಿನಲ್ಲಿ ಬರೆಯಲಿ. ತಲೆಯ ಅಗಲ ಮಾತ್ರ ಅಳೆದರೂ ಸಾಕು, ಏಕೆಂದರೆ ಸುತ್ತಿಕೊಂಡದ್ದರ ಉದ್ದ ಅಳೆಯಲು ಆಗುವುದಿಲ್ಲ. ನೂರು ಆಗುವಷ್ಟರಲ್ಲಿ ಅವಳಿಗೇ ಪ್ರಶ್ನೆಗಳು ಹುಟ್ಟುತ್ತವೆ. ಅಳೆಯುವಾಗ ಚಿಕ್ಕವನ್ನೂ ಸೇರಿಸಲಿ, ಚಂದದ ದೊಡ್ಡವನ್ನೇ ಆರಿಸಿಕೊಳ್ಳುವ ದುರಾಸೆ ಎಲ್ಲರಿಗೂ ಇರುತ್ತದೆ, ಅದರಿಂದ ಲೆಕ್ಕ ಕೆಡುತ್ತದೆ. ನೀವು ಕಾಮರ್ಸ್ ಓದಿದವರಲ್ಲವೇ, ಖಾತೆ ಬರೆಯುವುದು ನಿಮಗಿಂತ ಚೆನ್ನಾಗಿ ಯಾರು ಕಲಿಸುತ್ತಾರೆ?

ದುಡ್ಡು ಕೊಟ್ಟು ಕೊಳ್ಳುವುದು ಈಗ ಬೇಡ. ಪ್ರದರ್ಶನ ಮಾರಾಟಗಳಲ್ಲಿ ಮೊರಾಕೊದ ಮುಳ್ಳು ಮುಳ್ಳಿನ ಟ್ರೈಲೊಬೈಟುಗಳು ಕಣ್ಣು ಕುಕ್ಕುತ್ತವೆ. ನಿಜವಾದವೂ ಇವೆ, ಒಂದು ಮುಳ್ಳು ಬಿಡಿಸಲು ದಿನಗಟ್ಟಲೆ ಕೂರುವ ಕಸುಬುದಾರರು ಅಲ್ಲಿದ್ದಾರೆ. ಆದರೆ ರಾಳದಲ್ಲಿ ಎರಕ ಹೊಯ್ದು ಕಲ್ಲಿಗೆ ಅಂಟಿಸಿದವೂ ಬೇಕಾದಷ್ಟಿವೆ. ಸಣ್ಣ ಗಾಳಿಗುಳ್ಳೆಯ ತೂತು ಕಂಡರೆ, ಕಲ್ಲಿನ ಬಿರುಕು ಹುಳದ ಹತ್ತಿರ ಬಂದು ನಿಂತುಬಿಟ್ಟಿದ್ದರೆ, ಪಕ್ಕದಲ್ಲಿ ಅದರ ಅವಳಿ ಕೂತಿದ್ದರೆ ಕೈ ಜೇಬಿಗೆ ಹೋಗದಿರಲಿ.

ಕೊನೆಯದು, ಧಾರವಾಡ. ಸಿಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಕೇಳಿದರೆ ಹೆಮ್ಮೆಯೇ ಆಗಬಹುದು. ಟ್ರೈಲೊಬೈಟುಗಳು ಬಂದದ್ದು ಸುಮಾರು 52 ಕೋಟಿ ವರ್ಷದ ಹಿಂದೆ, ಹೋದದ್ದು ಸುಮಾರು 25 ಕೋಟಿ ವರ್ಷದ ಹಿಂದೆ. ನಿಮ್ಮೂರಿನ ಕಲ್ಲು 250 ಕೋಟಿಗೂ ಹಳೆಯದು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಈ ಕಲ್ಲುಗಳ ಗುಂಪಿಗೆ ಧಾರವಾಡದ ಹೆಸರನ್ನೇ ಇಟ್ಟರು. ಸಿನ್ಸಿನಾಟಿ ಹೆಸರಿನಲ್ಲೂ ಒಂದು ಕಾಲದ ಕಲ್ಲುಗಳಿವೆ, ಸಿನ್ಸಿನಾಟಿಯನ್ ಅಂತ. ಅಂದರೆ ನೀವು ಭೂವಿಜ್ಞಾನದ ಪುಸ್ತಕದ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಮನೆ ಬದಲಾಯಿಸಿದ್ದೀರಿ, ಅಷ್ಟೇ. ಉಳಿದ ಕರ್ನಾಟಕದಲ್ಲೂ ಹೀಗೇ. ಬಾಗಲಕೋಟೆ ಕಡೆಯ ಕಲಾದಗಿ ಕಲ್ಲು, ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಟ್ರೈಲೊಬೈಟಿಗಿಂತ ಹಳೆಯವು. ಬೆಳಗಾವಿ, ವಿಜಯಪುರದ ಕಪ್ಪು ಕಲ್ಲು ಲಾವಾ, ಬರೀ ಆರೂವರೆ ಕೋಟಿ ವರ್ಷದ್ದು. ನಡುವಿನ ಪುಟಗಳೇ ನಮ್ಮಲ್ಲಿ ಇಲ್ಲ. ಬಾಗಲಕೋಟೆ ಕಡೆ ಹೋದರೆ ಸ್ಟ್ರೊಮಟೊಲೈಟ್ ನೋಡಬಹುದು, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು, ಕಲ್ಲಿನಲ್ಲಿ ಕೋಸುಗೆಡ್ಡೆ ಕೊಯ್ದ ಹಾಗೆ ಬಳೆ ಬಳೆಯಾಗಿ ಕಾಣುತ್ತದೆ. ಹಾಸುಗಲ್ಲಿನ ಮೇಲೆ ಕೆಲವೊಮ್ಮೆ ಗಿಡದ ಎಲೆಯ ಹಾಗೆ ಕಪ್ಪು ಚಿತ್ತಾರ ಇರುತ್ತದಲ್ಲ, ಅದು ಪಳೆಯುಳಿಕೆ ಅಲ್ಲ, ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್.

ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ದೇವರ ಪೀಠದಲ್ಲಿ ಸಾಲಿಗ್ರಾಮ ಇದ್ದರೆ ಅಜ್ಜಿಯನ್ನು ಕೇಳಿ ದೂರದಿಂದಲೇ ತೋರಿಸಿ. ನೇಪಾಳದ ಗಂಡಕಿಯಿಂದ ಬಂದ ಆ ಕಲ್ಲಿನೊಳಗಿನ ಚಕ್ರ ಅಮೊನೈಟ್ ಅನ್ನುವ ಸಮುದ್ರಜೀವಿಯದು. ಟ್ರೈಲೊಬೈಟಿನ ನಂಟಲ್ಲ, ಅದು ಹೋಗಿ ಹತ್ತು ಕೋಟಿ ವರ್ಷದ ಸುಮಾರಿಗೆ ಬದುಕಿದ್ದು. ಭೂತಗನ್ನಡಿ ಹಿಡಿದು ಮಡಿ ಕೆಡಿಸಿದರೆ ನನ್ನ ಹೆಸರು ಹೇಳಬೇಡಿ. ಭಾರತದಲ್ಲಿ ಟ್ರೈಲೊಬೈಟ್ ಇರುವುದು ಹಿಮಾಲಯದ ಕಡೆ: ಸ್ಪಿತಿ, ಝನ್ಸ್ಕಾರ್, ಕಾಶ್ಮೀರ. ಸ್ಪಿತಿಯಲ್ಲಿ ಸಿಕ್ಕಿದ ಒಂದಕ್ಕೆ 1910ರಲ್ಲಿ 'ಇಂಡಿಕಸ್' ಅಂತ ಹೆಸರಿಟ್ಟರು, ಈಗಿನ ಪೂರ್ತಿ ಹೆಸರು ಒರಿಕ್ಟೊಸೆಫಲಸ್ ಇಂಡಿಕಸ್. ನೂರೆಂಟು ವರ್ಷ ಆದ ಮೇಲೆ, 2018ರಲ್ಲಿ, ಟ್ರೈಲೊಬೈಟುಗಳು ಮೊದಲು ಬಂದ ಕೇಂಬ್ರಿಯನ್ ಯುಗದ ಒಂದು ಘಟ್ಟ ಎಲ್ಲಿಂದ ಶುರು ಅಂತ ಇಡೀ ಜಗತ್ತಿಗೆ ಗೆರೆ ಎಳೆಯುವಾಗ ಈ ಹುಳ ಮೊದಲು ಕಾಣಿಸಿಕೊಳ್ಳುವ ಪದರವನ್ನೇ ಗುರುತಾಗಿ ಹಿಡಿದರು. ಗುರುತಿನ ಕಲ್ಲು ಮಾತ್ರ ಚೀನಾದ ಗ್ವಿಜೋದಲ್ಲಿದೆ. ಹೆಸರು ನಮ್ಮದು, ಗೂಟ ಅವರದು.

ಈಗ ಭೂತಗನ್ನಡಿ ತಗೊಂಡು ಕೂರಿ. ಎಣಿಕೆ 13 ಬಂತೋ ಇಲ್ಲವೋ ಬರೆದು ತಿಳಿಸಿ. 14 ಬಂದರೆ ತಲೆಯ ಹಿಂಬದಿಯ ಉಂಗುರವನ್ನೂ ಸೇರಿಸಿ ಎಣಿಸಿರುತ್ತಾಳೆ, ಎಲ್ಲರೂ ಮೊದಲ ಸಲ ಹಾಗೇ ಮಾಡುವುದು. 8 ಬಂದರೆ ತಕ್ಷಣ ಫೋಟೊ ಕಳಿಸಿ.